ನೋಡಿದವರ ಮತ
ವರ್ಷದ ಶ್ರೇಷ್ಠ ಕನ್ನಡ ಚಿತ್ರವನ್ನು ಆರಿಸಿದ ಬಗೆ: ಡೆಟ್ರಾಯಿಟ್‌ನಿಂದ ಚಿಕಾಗೋವರೆಗೆ

ನಮ್ಮ ಮನೆಯ ಅಡಿಗೆಮನೆಯಲ್ಲಿ, ಕಪಾಟಿನ ಮೇಲಿನ ಅರೆಯಲ್ಲಿ, ಒಂದು ಹಳೆಯ ಸ್ಟೀಲ್ ಡಬ್ಬವಿದೆ. 1993ರಲ್ಲಿ ಮದುವೆಯಾಗಿ ಮೈಸೂರಿನಿಂದ ಡೆಟ್ರಾಯಿಟ್‌ಗೆ ಬರುವಾಗ ಅಮ್ಮ ಅದರ ತುಂಬ ಚಟ್ನಿಪುಡಿ ಕಟ್ಟಿಕೊಟ್ಟಿದ್ದರು. ಪುಡಿ ಮುಗಿದ ಮೇಲೆ ಅದು ಬೇರೊಂದು ಕೆಲಸಕ್ಕೆ ಒದಗಿತು. ಇಂದು ಅದರಲ್ಲಿರುವುದು ಕಾಗದದ ಚೀಟಿಗಳು ಮತ್ತು ಒಂದು ಚಿಕ್ಕ ನೋಟುಪುಸ್ತಕ. ಹತ್ತು ವರ್ಷಗಳ ಕಾಲ ಆರು ಕನ್ನಡ ಕುಟುಂಬಗಳು ತಮ್ಮ ಪಾಲಿನ ‘ವರ್ಷದ ಶ್ರೇಷ್ಠ ಚಿತ್ರ’ವನ್ನು ಆರಿಸಿದ್ದು ಈ ಡಬ್ಬದೊಳಗೆ. ಇದನ್ನು ಇತಿಹಾಸವೆಂದು ಕರೆಯುವುದು ಅತಿಯಾದೀತೋ ಏನೋ. ಆದರೆ ಬಿ.ಎ. ತರಗತಿಯಲ್ಲಿ ಇತಿಹಾಸವನ್ನು ಐಚ್ಛಿಕವಾಗಿ ಓದಿದ ನನಗೆ ಗುರುಗಳು ಕಲಿಸಿದ ಪಾಠವೊಂದು ಇಂದಿಗೂ ನೆನಪಿದೆ: ಶಾಸನವನ್ನು ಓದುವಾಗ ಅದನ್ನು ಬರೆಯಿಸಿದವನು ಯಾರೆಂದು ಮೊದಲು ಕೇಳಬೇಕು. ಪ್ರಶಸ್ತಿಯೂ ಒಂದು ಬಗೆಯ ಶಾಸನವೇ. ವರ್ಷದ ಅತ್ಯುತ್ತಮ ಚಿತ್ರ ಇದು ಎಂದು ಹೇಳುವ ಅಧಿಕಾರ ಯಾರದು? ಹೇಳುವವರು ಎಷ್ಟು ಚಿತ್ರಗಳನ್ನು ನೋಡಿದ್ದಾರೆ? ಗಣಕಯಂತ್ರದ ಗುಂಡಿಯೊತ್ತಿ ಮತ ಹಾಕುವ ಈ ಕಾಲದಲ್ಲಿ ಈ ಪ್ರಶ್ನೆಗಳನ್ನು ಸಹೃದಯ ಓದುಗರ ಮುಂದಿಡುವುದು ನನ್ನ ಉದ್ದೇಶ.

ಚಲನಚಿತ್ರಗಳಿಗೆ ಬಹುಮಾನ ಕೊಡುವ ಪದ್ಧತಿ ಬಹಳ ಹಳೆಯದೇನಲ್ಲ. ಇಂದು ಜಗತ್ತೇ ಕಣ್ಣರಳಿಸಿ ನೋಡುವ ಆಸ್ಕರ್ ಸಮಾರಂಭ ಮೊದಲು ನಡೆದದ್ದು 1929ರ ಮೇ 16ರಂದು, ಹಾಲಿವುಡ್‌ನ ಹೋಟೆಲೊಂದರ ಭೋಜನಕೂಟದಲ್ಲಿ. ಬಹುಮಾನ ವಿತರಣೆ ಸುಮಾರು ಕಾಲು ಗಂಟೆಯಲ್ಲಿ ಮುಗಿದುಹೋಯಿತಂತೆ. ಅಲ್ಲಿ ಆರಿಸಿದವರು ಚಿತ್ರೋದ್ಯಮದವರೇ. ಭಾರತ ಸರ್ಕಾರ 1953ರ ಚಿತ್ರಗಳಿಗೆಂದು 1954ರಲ್ಲಿ ರಾಷ್ಟ್ರಪ್ರಶಸ್ತಿಗಳನ್ನು ಆರಂಭಿಸಿದಾಗ ಆಯ್ಕೆಯ ಹೊಣೆಯನ್ನು ತಜ್ಞರ ಮಂಡಲಿಗೆ ಒಪ್ಪಿಸಿತು. ಮೊದಲ ವರ್ಷದ ಶ್ರೇಷ್ಠ ಚಿತ್ರದ ಗೌರವ ಮರಾಠಿಯ ‘ಶ್ಯಾಮಚೀ ಆಯಿ’ಗೆ ಸಂದಿತು. ಅದೇ 1954ರಲ್ಲಿ ‘ಫಿಲ್ಮ್‌ಫೇರ್’ ಪತ್ರಿಕೆ ಇನ್ನೊಂದು ದಾರಿ ಹಿಡಿದು, ತನ್ನ ಓದುಗರ ಮತಗಳಿಂದ ಚಿತ್ರಗಳನ್ನು ಆರಿಸಿತು. ಆ ಬಹುಮಾನಗಳಿಗೆ ಮೊದಮೊದಲು ಕ್ಲೇರ್ ಮೆಂಡೋನ್ಸಾ ಎಂಬ ಮಹಿಳಾ ವಿಮರ್ಶಕಿಯ ಹೆಸರನ್ನೇ ಇಟ್ಟಿದ್ದರೆಂಬುದು ನಮ್ಮಂಥವರಿಗೆ ಸಂತೋಷದ ಸಂಗತಿ. ಕರ್ನಾಟಕದಲ್ಲಿ ರಾಜ್ಯ ಚಲನಚಿತ್ರ ಪ್ರಶಸ್ತಿಗಳು 1966-67ರ ಸಾಲಿನಿಂದ ಮೊದಲಾದವು. ಹೀಗೆ ಉದ್ಯಮದವರು, ತಜ್ಞರು, ಜನಸಾಮಾನ್ಯರು ಎಂಬ ಮೂರು ಬಗೆಯ ತೀರ್ಪುಗಾರರು ಆರಂಭದಿಂದಲೂ ಇದ್ದಾರೆ. ಇಂದಿನ ಅಂತರಜಾಲದ ಮತದಾನವು ಫಿಲ್ಮ್‌ಫೇರ್ ಓದುಗರ ಮತದಾನದ ಮೊಮ್ಮಗು ಎಂದರೆ ತಪ್ಪಾಗದು.

ನಾಲ್ಕನೆಯ ಬಗೆಯ ಮತವೊಂದಿದೆ; ಅದು ಟಿಕೇಟು. 1972ರಲ್ಲಿ ತೆರೆಕಂಡ, ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಓಡಿತು. ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ಬೇಸಾಯಕ್ಕೆ ನಿಂತ ಯುವಕರ ಕಥೆಗಳು ಆ ಚಿತ್ರದ ಜೊತೆಗೇ ನಾಡಿನಲ್ಲಿ ಹಬ್ಬಿದವು. ಇಂಥ ಚಿತ್ರಕ್ಕೆ ಯಾವ ಮಂಡಲಿಯ ಮುದ್ರೆ ಬೇಕು? ಆದರೆ ಎಲ್ಲ ಒಳ್ಳೆಯ ಚಿತ್ರಗಳಿಗೂ ಆ ಭಾಗ್ಯವಿರುವುದಿಲ್ಲ. ಅಂಥವನ್ನು ಜನರ ಗಮನಕ್ಕೆ ತರುವುದಕ್ಕೇ ಪ್ರಶಸ್ತಿಗಳು ಇರುವುದು.

ಕನ್ನಡದ ಮಟ್ಟಿಗೆ ಈ ಮಾತು ನೂರಕ್ಕೆ ನೂರು ನಿಜ. ಭಾರತದ ಎಲ್ಲ ಭಾಷೆಗಳ ನಡುವೆ ವರ್ಷದ ಶ್ರೇಷ್ಠ ಕಥಾಚಿತ್ರವೆಂಬ ರಾಷ್ಟ್ರಗೌರವ ಕನ್ನಡಕ್ಕೆ ಆರು ಬಾರಿ ದೊರೆತಿದೆ: ಪಟ್ಟಾಭಿರಾಮ ರೆಡ್ಡಿ ಅವರ ‘ಸಂಸ್ಕಾರ’ (1970), ಬಿ. ವಿ. ಕಾರಂತರ ‘ಚೋಮನ ದುಡಿ’ (1975), ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977), ‘ತಬರನ ಕಥೆ’ (1986), ‘ತಾಯಿ ಸಾಹೇಬ’ (1997) ಮತ್ತು ‘ದ್ವೀಪ’ (2001). ಆರಕ್ಕೆ ಆರೂ ಕನ್ನಡ ಸಾಹಿತ್ಯದಿಂದ ಹುಟ್ಟಿದವು. ಅನಂತಮೂರ್ತಿ, ಶಿವರಾಮ ಕಾರಂತ, ಪೂರ್ಣಚಂದ್ರ ತೇಜಸ್ವಿ, ರಂ. ಶಾ. ಲೋಕಾಪುರ, ನಾ. ಡಿಸೋಜ ಮೊದಲಾದವರ ಬರಹಗಳೇ ಅವುಗಳ ಬೇರು. ಇವುಗಳಲ್ಲಿ ಮೊದಲನೆಯದಾದ ‘ಸಂಸ್ಕಾರ’ಕ್ಕೆ ಸೆನ್ಸಾರಿನವರು ಮೊದಲು ಅನುಮತಿಯನ್ನೇ ನಿರಾಕರಿಸಿದ್ದರು. ಜನರಿಗೆ ತೋರಿಸಬಾರದೆಂದು ತಡೆಹಿಡಿದ ಚಿತ್ರವೇ ಮುಂದೆ ದೇಶದ ಶ್ರೇಷ್ಠ ಚಿತ್ರವೆನಿಸಿತು. ಆ ಕಾದಂಬರಿಯನ್ನು ಇಂಗ್ಲಿಷಿಗೆ ತಂದು ಹೊರಜಗತ್ತಿಗೆ ಪರಿಚಯಿಸಿದವರು ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಮೂರು ದಶಕ ಪಾಠ ಹೇಳಿದ ನಮ್ಮ ಮೈಸೂರಿನ ಎ. ಕೆ. ರಾಮಾನುಜನ್. ಆ ಅನುವಾದ ಪುಸ್ತಕವಾಗಿ ಬಂದದ್ದು 1976ರಲ್ಲಿ. ನಾನು ಈ ದೇಶಕ್ಕೆ ಬಂದ 1993ರಲ್ಲಿಯೇ, ಜುಲೈ 13ರಂದು, ಅವರು ತೀರಿಕೊಂಡರು.

ನಾನು ‘ಘಟಶ್ರಾದ್ಧ’ ಮತ್ತು ‘ತಬರನ ಕಥೆ’ಗಳನ್ನು ನೋಡಿದ್ದು ಚಿತ್ರಮಂದಿರದಲ್ಲಿ ಅಲ್ಲ, ನಮ್ಮ ಬೀದಿಯ ಕೊನೆಯ ಮನೆಯಲ್ಲಿ. ಎಂಬತ್ತರ ದಶಕದಲ್ಲಿ ದೂರದರ್ಶನವು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಪಡೆದ ಚಿತ್ರಗಳನ್ನು ಪ್ರಸಾರ ಮಾಡುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಊಟ ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕುಳಿತ ಹೆಂಗಸರ ನಡುವೆ ನಾನು ಬಂಗಾಳಿ, ಮಲಯಾಳಂ, ಅಸ್ಸಾಮಿ ಚಿತ್ರಗಳನ್ನೂ ಕಂಡೆ. ನಿವೃತ್ತಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದ ತಬರನನ್ನು ಕಂಡು, ಶಾಲಾ ಶಿಕ್ಷಕರಾಗಿ ನಿವೃತ್ತರಾಗಿದ್ದ ನಮ್ಮ ತಂದೆ ಆ ದಿನ ಸಂಜೆಯವರೆಗೆ ಮಾತನಾಡಲಿಲ್ಲ. ಅಂದು ಪ್ರಶಸ್ತಿಗೂ ಪ್ರೇಕ್ಷಕನಿಗೂ ನಡುವೆ ಒಂದು ಸೇತುವೆಯಿತ್ತು. ಪ್ರಶಸ್ತಿ ಬಂದರೆ ಪ್ರಸಾರ, ಪ್ರಸಾರವಾದರೆ ನಮ್ಮಂಥ ಸಾಧಾರಣ ಮನೆಯವರಿಗೂ ದರ್ಶನ.

ಅಮೆರಿಕೆಗೆ ಬಂದೊಡನೆ ಆ ಸೇತುವೆ ಮುರಿಯಿತು. ಇಲ್ಲಿ ಕನ್ನಡ ಚಿತ್ರ ಎಂದರೆ ವಿಡಿಯೋ ಕ್ಯಾಸೆಟ್ಟು. ಅದರಲ್ಲಿಯೂ ಒಂದು ತೊಡಕು. ಭಾರತದ ಕ್ಯಾಸೆಟ್ಟುಗಳು ‘ಪಾಲ್’ ಎಂಬ ಪದ್ಧತಿಯವು, ಅಮೆರಿಕದ ಯಂತ್ರಗಳು ‘ಎನ್‌ಟಿಎಸ್‌ಸಿ’ ಎಂಬ ಪದ್ಧತಿಯವು. ಊರಿನಿಂದ ಆಸೆಪಟ್ಟು ತಂದ ಕ್ಯಾಸೆಟ್ಟನ್ನು ಇಲ್ಲಿನ ಯಂತ್ರಕ್ಕೆ ಹಾಕಿದರೆ ಚಿತ್ರ ಉರುಳುತ್ತಿತ್ತು, ಬಣ್ಣ ಮಾಯವಾಗುತ್ತಿತ್ತು. ಎರಡೂ ಪದ್ಧತಿಗಳನ್ನು ಬಲ್ಲ ಬೆಲೆಬಾಳುವ ಯಂತ್ರವೊಂದು ಟ್ರಾಯ್ ಊರಿನ ನಮ್ಮ ಬಳಗದಲ್ಲಿ ಒಬ್ಬರ ಮನೆಯಲ್ಲಿತ್ತು. ಆದ್ದರಿಂದ ಶನಿವಾರ ರಾತ್ರಿ ಆರು ಕುಟುಂಬಗಳೂ ಅವರ ಬೇಸ್‌ಮೆಂಟಿನಲ್ಲಿ ಸೇರುತ್ತಿದ್ದೆವು. ಯಾರಾದರೂ ಚಿಕಾಗೋ ಕಡೆ ಹೋದರೆ ಡೆವಾನ್ ಅವೆನ್ಯೂವಿನ ಅಂಗಡಿಗಳಲ್ಲಿ ತೊಗರಿಬೇಳೆಯೊಡನೆ ಕನ್ನಡ ಕ್ಯಾಸೆಟ್ಟನ್ನೂ ಹುಡುಕಿ ತರಬೇಕೆಂಬುದು ಅಲಿಖಿತ ನಿಯಮವಾಗಿತ್ತು. ಹಿಂದಿ, ತೆಲುಗು ಕ್ಯಾಸೆಟ್ಟುಗಳ ರಾಶಿಯ ನಡುವೆ ಕನ್ನಡದ್ದು ಒಂದೆರಡು ಸಿಕ್ಕರೆ ಅದೇ ಪುಣ್ಯ.

1994ರ ಡಿಸೆಂಬರಿನ ರಜೆಯಲ್ಲಿ, ಹೊರಗೆ ಹಿಮ ಬೀಳುತ್ತಿದ್ದ ಒಂದು ರಾತ್ರಿ, ವರ್ಷದಲ್ಲಿ ನೋಡಿದ ಚಿತ್ರಗಳಲ್ಲಿ ಯಾವುದು ಉತ್ತಮವೆಂಬ ವಾದ ಹುಟ್ಟಿತು. ಗಂಡಸರ ಧ್ವನಿ ಏರಿತು. ಆಗ ನಾನು ಚಟ್ನಿಪುಡಿಯ ಡಬ್ಬವನ್ನು ತೊಳೆದು ತಂದು ನಡುವೆ ಇಟ್ಟು, ಎಲ್ಲರೂ ಚೀಟಿ ಬರೆದು ಹಾಕಿರೆಂದೆ. ಅಂದಿನಿಂದ ಅದು ವಾರ್ಷಿಕ ಆಚರಣೆಯಾಯಿತು. ಗೆದ್ದ ಚಿತ್ರದ ಕ್ಯಾಸೆಟ್ಟು ತಂದವರಿಗೆ ಒಂದು ಡಬ್ಬ ಕೊಬ್ಬರಿ ಮಿಠಾಯಿ ಬಹುಮಾನ. ಮಕ್ಕಳಿಗೂ ಒಂದೊಂದು ಮತ.

1997ರ ಪುಟ ನೋಟುಪುಸ್ತಕದಲ್ಲಿ ಹೀಗಿದೆ: ‘ಅಮೆರಿಕ ಅಮೆರಿಕ’ 11, ‘ಅಮೃತವರ್ಷಿಣಿ’ 5, ‘ನಾಗಮಂಡಲ’ 2. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕ ಅಮೆರಿಕ’ ಗೆದ್ದುದರಲ್ಲಿ ಆಶ್ಚರ್ಯವೇನಿರಲಿಲ್ಲ. ಅದು ನಮ್ಮದೇ ಬಾಳಿನ ಕಥೆ; ಅದಕ್ಕೆ ಸಂಗೀತ ನೀಡಿದ ಮನೋಮೂರ್ತಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರು. ಆ ವರ್ಷ ನನ್ನ ಮತ ಮಾತ್ರ ‘ನಾಗಮಂಡಲ’ಕ್ಕೆ ಬಿದ್ದಿತ್ತು. ಗಿರೀಶ ಕಾರ್ನಾಡರು ಆ ನಾಟಕ ಬರೆದದ್ದು 1987-88ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅತಿಥಿಯಾಗಿದ್ದಾಗ. ಅದರ ಜಾನಪದ ಮೂಲವನ್ನು ಅವರಿಗೆ ಹೇಳಿದವರು ರಾಮಾನುಜನ್. ಕನ್ನಡನಾಡಿನ ಅಜ್ಜಿಯರ ಕಥೆ ಚಿಕಾಗೋಕ್ಕೆ ಬಂದು ನಾಟಕವಾಗಿ, ಮರಳಿ ನಾಡಿಗೆ ಹೋಗಿ ಟಿ. ಎಸ್. ನಾಗಾಭರಣರ ಕೈಯಲ್ಲಿ ಚಿತ್ರವಾಗಿ, ಕ್ಯಾಸೆಟ್ಟಿನ ರೂಪದಲ್ಲಿ ನಮ್ಮ ಬೇಸ್‌ಮೆಂಟಿಗೆ ಬಂದಿತ್ತು. ಅದಕ್ಕೆ ಎರಡೇ ಮತ ಬಂದದ್ದು ನನಗೆ ಸ್ವಲ್ಪ ನೋವನ್ನೇ ಉಂಟುಮಾಡಿತು.

1998ರ ಬೇಸಿಗೆಯಲ್ಲಿ ನಮ್ಮ ಅತ್ತೆಯವರು ಧಾರವಾಡದಿಂದ ಬಂದರು. ಓದುವ ಹವ್ಯಾಸದವರು. ನೋಟುಪುಸ್ತಕವನ್ನು ಕನ್ನಡಕ ಏರಿಸಿಕೊಂಡು ಓದಿ, “ಇದರಾಗ ‘ತಾಯಿ ಸಾಹೇಬ’ ಎಲ್ಲೈತವ್ವಾ?” ಎಂದರು. 1997ರ ಚಿತ್ರಗಳ ಪೈಕಿ ಅದಕ್ಕೆ ಸ್ವರ್ಣಕಮಲ ಬಂದ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದಿದ್ದರು. ತಮ್ಮ ಸೀಮೆಯ ಬರಹಗಾರರ ಕಾದಂಬರಿ, ತಮ್ಮ ಸೀಮೆಯ ಮಾತು, ವಾಡೆಯೊಂದರಲ್ಲಿ ಬಾಳು ಸವೆಸಿದ ಹೆಣ್ಣಿನ ಕಥೆ. ಅಮೆರಿಕದಲ್ಲಿ ಎಲ್ಲವೂ ಸಿಗುತ್ತದೆಂದು ನಂಬಿದ್ದ ಅವರು ಅದನ್ನು ಇಲ್ಲಿ ನೋಡಬಹುದೆಂದು ಎಣಿಸಿದ್ದರು. ನಾವು ಯಾರೂ ಅದನ್ನು ನೋಡಿಲ್ಲವೆಂದಾಗ ಅವರು ನೋಟುಪುಸ್ತಕವನ್ನು ಮುಚ್ಚಿ ಹೇಳಿದ ಮಾತು ಇದು: “ಹಂಗಾದ್ರ ಇದು ವರ್ಷದ ಛಲೋ ಸಿನೆಮಾ ಅಲ್ಲವ್ವಾ. ನಿಮ್ಮ ಮನೀ ತನಕಾ ಬಂದದ್ದರಾಗ ಛಲೋದು.”

ಅಂದು ನಕ್ಕು ಸುಮ್ಮನಾದೆವು. ಆದರೆ ಆ ಮಾತಿನ ತೂಕ ವರ್ಷ ಕಳೆದಂತೆ ಹೆಚ್ಚುತ್ತ ಬಂದಿದೆ. ಆ ಡಿಸೆಂಬರಿನಿಂದ ನಮ್ಮ ಡಬ್ಬಕ್ಕೆ ಎರಡು ನಿಯಮಗಳು ಸೇರಿದವು. ಪೂರ್ತಿ ನೋಡದ ಚಿತ್ರಕ್ಕೆ ಮತ ಹಾಕುವಂತಿಲ್ಲ. ಮತ್ತು ನೋಡಲಾಗದೆ ಹೋದ ಹೆಸರುವಾಸಿ ಚಿತ್ರಗಳ ಪಟ್ಟಿಯನ್ನು ಪುಟದ ಕೆಳಗೆ ಬರೆಯತಕ್ಕದ್ದು. 2002ರಲ್ಲಿ ಅಕ್ಕ ಸಮ್ಮೇಳನ ನಮ್ಮ ಡೆಟ್ರಾಯಿಟ್‌ನಲ್ಲಿಯೇ ನಡೆಯಿತು. ಅದೇ ವರ್ಷ ‘ದ್ವೀಪ’ಕ್ಕೆ ಸ್ವರ್ಣಕಮಲ ಘೋಷಿತವಾಯಿತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮನೆಯನ್ನು ಬಿಡಲಾರದ ಹೆಣ್ಣಾಗಿ ನಟಿಸಿ, ತಾವೇ ಆ ಚಿತ್ರವನ್ನು ನಿರ್ಮಿಸಿದವರು ಸೌಂದರ್ಯ. ಆ ವರ್ಷದ ಪುಟದಲ್ಲಿ ‘ದ್ವೀಪ’ ಇರುವುದು ಮೇಲಿನ ಪಟ್ಟಿಯಲ್ಲಲ್ಲ, ಕೆಳಗಿನದರಲ್ಲಿ. ಎರಡು ವರ್ಷಗಳೊಳಗೆ, 2004ರ ಏಪ್ರಿಲಿನಲ್ಲಿ, ವಿಮಾನಾಪಘಾತದಲ್ಲಿ ಆಕೆ ತೀರಿಕೊಂಡಾಗ ನಾವಿನ್ನೂ ಆ ಚಿತ್ರವನ್ನು ಕಂಡಿರಲಿಲ್ಲ.

ಆ ವೇಳೆಗೆ ನಮ್ಮ ಬಳಗ ಚದುರಿತ್ತು. ಯಜಮಾನರ ಉದ್ಯೋಗದ ಕಾರಣ ನಾವು ಚಿಕಾಗೋ ಹತ್ತಿರದ ನೇಪರ್‌ವಿಲ್‌ಗೆ ಬಂದೆವು. ಚಿತ್ರ ನೋಡಿ ತೀರ್ಪು ಹೇಳುವುದನ್ನು ಈ ನಗರ ಒಂದು ಗೌರವದ ಉದ್ಯೋಗವನ್ನಾಗಿ ಮಾಡಿದೆ. 1975ರಲ್ಲಿ ಚಿತ್ರವಿಮರ್ಶೆಗಾಗಿ ಪುಲಿಟ್ಜರ್ ಬಹುಮಾನ ಪಡೆದ ಮೊದಲಿಗರಾದ ರೋಜರ್ ಈಬರ್ಟ್ ಇಲ್ಲಿನ ‘ಸನ್-ಟೈಮ್ಸ್’ ಪತ್ರಿಕೆಯವರು. ಅವರೊಡನೆ ದೂರದರ್ಶನದಲ್ಲಿ ವಾದಕ್ಕೆ ಕೂರುತ್ತಿದ್ದ ಜೀನ್ ಸಿಸ್ಕೆಲ್ ‘ಟ್ರಿಬ್ಯೂನ್’ನವರು. ಹೆಬ್ಬೆರಳನ್ನು ಮೇಲಕ್ಕೋ ಕೆಳಕ್ಕೋ ತೋರಿಸಿ ಅವರು ನೀಡುತ್ತಿದ್ದ ತೀರ್ಪನ್ನು ನನ್ನ ಮಕ್ಕಳು ನಮ್ಮ ಉಪ್ಪಿಟ್ಟಿನ ಮೇಲೆಯೂ ಪ್ರಯೋಗಿಸುತ್ತಿದ್ದರು. ಚಿಕಾಗೋದ ವಿಮರ್ಶಕರ ಸಂಘ 1990ರಲ್ಲಿ, ಡೆಟ್ರಾಯಿಟ್‌ನದು 2007ರಲ್ಲಿ ಹುಟ್ಟಿದವು. ಅಂತರಜಾಲದಲ್ಲಿ ಬರೆಯುವ ವಿಮರ್ಶಕರು 1997ರಲ್ಲಿಯೇ ತಮ್ಮದೊಂದು ಸಂಘ ಕಟ್ಟಿಕೊಂಡರು. ಇವರೆಲ್ಲರೂ ವರ್ಷವರ್ಷವೂ ಶ್ರೇಷ್ಠ ಚಿತ್ರಗಳನ್ನು ಆರಿಸುತ್ತಾರೆ. ಅವರ ಆಯ್ಕೆಯನ್ನು ನಾವು ಒಪ್ಪದಿರಬಹುದು. ಆದರೆ ವರ್ಷವಿಡೀ ಚಿತ್ರ ನೋಡುವುದೇ ಅವರ ಕಸುಬು, ಮತ ಆಮೇಲಿನದು.

ಅಂತರಜಾಲವು ಈ ಹಕ್ಕನ್ನು ಎಲ್ಲರಿಗೂ ಹಂಚಿತು. 2012ರಲ್ಲಿ ದುಬೈಯಲ್ಲಿ ಆರಂಭವಾದ ‘ಸೈಮಾ’ದಂಥ ಪ್ರಶಸ್ತಿಗಳು ದಕ್ಷಿಣದ ನಾಲ್ಕು ಭಾಷೆಗಳ ಚಿತ್ರಗಳಿಗೆ ಲೋಕದ ಯಾವ ಮೂಲೆಯಿಂದಲಾದರೂ ಮತ ಹಾಕುವ ಅವಕಾಶ ತೆರೆದವು. ಧಾರವಾಡದಲ್ಲಿರುವವರಿಗೂ ನೇಪರ್‌ವಿಲ್‌ನಲ್ಲಿರುವವರಿಗೂ ಒಂದೇ ಬೆಲೆಯ ಮತ ಎಂದು ನಾನು ಹಿಗ್ಗಿದೆ. ಆದರೆ ಇಂಥದೇ ಒಂದು ಮತದಾನದಲ್ಲಿ, ಅದರ ಹೆಸರು ಇಲ್ಲಿ ಮುಖ್ಯವಲ್ಲ, ಒಂದು ಸಂಜೆ ಕಂಡದ್ದು ನನ್ನನ್ನು ಚಿಂತೆಗೀಡುಮಾಡಿತು. ಹದಿನಾಲ್ಕು ವರ್ಷದ ನನ್ನ ಮಗ ಮನೆಯ ಎರಡು ಗಣಕಯಂತ್ರ, ಮೂರು ದೂರವಾಣಿಗಳಿಂದ ಒಬ್ಬನೇ ನಟನಿಗೆ ಐದು ಮತ ಹಾಕಿದ. “ಆ ಚಿತ್ರ ನೋಡಿದ್ದೀಯೇನೋ?” ಎಂದೆ. “ಇಲ್ಲಮ್ಮ, ಹಾಡು ನೋಡಿದ್ದೀನಿ” ಎಂದ. ಉಳಿದ ನಾಲ್ಕು ಚಿತ್ರಗಳ ಹೆಸರನ್ನೂ ಅವನು ಓದಿರಲಿಲ್ಲ. ಅವನನ್ನು ಗದರಿಸಲು ಹೊರಟವಳು ತಡೆದೆ. ಏಕೆಂದರೆ ಅದೇ ಪಟ್ಟಿಯಲ್ಲಿ ನಾನೂ ನೋಡಿದ್ದು ಒಂದೇ ಚಿತ್ರ, ನಾನೂ ಮತ ಹಾಕಿ ಆಗಿತ್ತು. ಅತ್ತೆಯವರ ಮಾತು ನೆನಪಾಯಿತು. ಕ್ಯಾಸೆಟ್ಟಿನ ಕಾಲದಲ್ಲಿ ಮನೆಗೆ ಬಂದ ಚಿತ್ರಗಳನ್ನಾದರೂ ನೋಡಿ ಆರಿಸುತ್ತಿದ್ದೆವು. ಈಗ ಬಂದರೂ ನೋಡದೆ ಆರಿಸುತ್ತಿದ್ದೇವೆ.

ಹಾಗೆಂದು ಅಂತರಜಾಲವನ್ನು ಹಳಿದು ಮುಗಿಸುವುದು ನ್ಯಾಯವಲ್ಲ. ಪವನ್ ಕುಮಾರ್ ಅವರು ‘ಲೂಸಿಯಾ’ ಚಿತ್ರಕ್ಕೆ ಹಣ ಹೂಡುವವರು ಸಿಗದೆ ಅಂತರಜಾಲದ ಮೂಲಕ ಪ್ರೇಕ್ಷಕರನ್ನೇ ಕೇಳಿದಾಗ, 27 ದಿನಗಳಲ್ಲಿ 110 ಜನರಿಂದ ಸುಮಾರು 51 ಲಕ್ಷ ರೂಪಾಯಿ ಕೂಡಿತು. 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚಿನ ಚಿತ್ರವೆಂಬ ಪ್ರಶಸ್ತಿ ಅದಕ್ಕೇ ಬಂದಿತು. ಅದು ಸಭಾಂಗಣದಲ್ಲಿ ಕುಳಿತು ನೋಡಿ ಎದ್ದವರು ಕೊಟ್ಟ ಮತ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಉತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದ ‘ತಿಥಿ’ಯಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯ ಜನ. 2020ರ ಜುಲೈ ತಿಂಗಳಿನಲ್ಲಿ, ಮಹಾಮಾರಿಯಿಂದ ಚಿತ್ರಮಂದಿರಗಳು ಮುಚ್ಚಿದ್ದಾಗ, ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಅಂತರಜಾಲದಲ್ಲಿಯೇ ಬಿಡುಗಡೆಯಾಗಿ, ಬೆಂಗಳೂರಿನವರು ನೋಡಿದ ದಿನವೇ ನಾವೂ ನೋಡಿದೆವು. 2022ರಲ್ಲಿ ‘ಕಾಂತಾರ’ವನ್ನು ಮನೆಯ ಹತ್ತಿರದ ಚಿತ್ರಮಂದಿರದಲ್ಲಿ ಕಂಡು ಬಂದೆವು, ಅದರ ನಟನೆಗಾಗಿ ರಿಷಬ್ ಶೆಟ್ಟಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದ ಸುದ್ದಿ 2024ರ ಆಗಸ್ಟಿನಲ್ಲಿ ತಿಳಿದಾಗ, ಜೀವನದಲ್ಲಿ ಮೊದಲ ಬಾರಿಗೆ ಒಂದು ಕನ್ನಡ ರಾಷ್ಟ್ರಪ್ರಶಸ್ತಿಯನ್ನು ನಾನು ಮೊದಲೇ ನೋಡಿದ್ದ ಚಿತ್ರಕ್ಕೆಂದು ಸಂಭ್ರಮಿಸಿದೆ.

ಇಲ್ಲಿ ಪಣಕ್ಕಿಟ್ಟಿರುವುದು ಸೋಲು ಗೆಲುವು ಮಾತ್ರವಲ್ಲ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಮೊದಲ ಮಾತನ್ನೇ ನಾವು ಕಳೆದುಕೊಂಡಿದ್ದೇವೆ. ಇನ್ನೊಂದೆಡೆ ‘ಘಟಶ್ರಾದ್ಧ’ವನ್ನು ನೋಡಿ. ಸವೆದುಹೋಗುತ್ತಿದ್ದ ಆ ಕಪ್ಪು-ಬಿಳುಪು ಚಿತ್ರವನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಸಂಸ್ಥೆ ಕೂಡಿ ಜೀರ್ಣೋದ್ಧಾರ ಮಾಡಿಸಿದವು. 2024ರಲ್ಲಿ ಅದು ವೆನಿಸ್ ಉತ್ಸವದಲ್ಲಿ ಹೊಸದಾಗಿ ಬೆಳಗಿತು. ಅದನ್ನು ಉಳಿಸಿದ್ದು 1977ರ ಪ್ರಶಸ್ತಿಯೊಂದೇ ಅಲ್ಲ. ಮುಂದಿನ ನಾಲ್ಕು ದಶಕಗಳಲ್ಲಿ ಅದನ್ನು ಕಂಡು ಮರೆಯಲಾರದೆ ಹೋದವರ ನೆನಪೂ ಹೌದು. ನೋಡುವವರಿದ್ದರೆ ಚಿತ್ರ ಉಳಿಯುತ್ತದೆ; ಇಲ್ಲದಿದ್ದರೆ ಕಮಲ ಚಿನ್ನದ್ದಾದರೂ ಒಣಗುತ್ತದೆ.

ಅಕ್ಕ ಸಮ್ಮೇಳನ ನಮ್ಮ ಚಿಕಾಗೋದಲ್ಲಿ ನಡೆದ 2008ರಲ್ಲಿಯೇ ಬಂದ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ನನಗೆ ಅಚ್ಚುಮೆಚ್ಚು. ವೈದೇಹಿಯವರ ಕಥೆಯಿಂದ ಬೆಳೆದ ಆ ಚಿತ್ರದಲ್ಲಿ ಉಮಾಶ್ರೀ ಅವರು ಸಿನಿಮಾ ಹುಚ್ಚಿನ ಬಡ ಸೂಲಗಿತ್ತಿ. ಆಕೆಗೆ ಟಿ.ವಿ. ದೊರೆತಾಗ ಕೇರಿಯ ಹೆಂಗಸರು ಅವಳ ಗುಡಿಸಲಿನಲ್ಲಿ ಸೇರುತ್ತಾರೆ. ಅದನ್ನು ನೋಡುವಾಗ ನನಗೆ ಮೈಸೂರಿನ ಬೀದಿಯ ಕೊನೆಯ ಮನೆಯೂ ಟ್ರಾಯ್ ಊರಿನ ಬೇಸ್‌ಮೆಂಟೂ ಒಟ್ಟಿಗೆ ಕಂಡವು. ಚಿತ್ರ ಒಬ್ಬರೇ ನೋಡುವ ವಸ್ತುವಲ್ಲ. ಕೂಡಿ ನೋಡಿ, ಕೂಡಿ ಜಗಳವಾಡಿ, ಆಮೇಲೆ ಊಟಕ್ಕೆ ಕೂರುವಂಥದು.

ಆದ್ದರಿಂದ ಸಮ್ಮೇಳನಕ್ಕೆ ಬಂದಿರುವ ಕನ್ನಡ ಕೂಟಗಳ ಬಂಧುಗಳಲ್ಲಿ ನನ್ನದೊಂದು ವಿನಂತಿ. ಚಿಕಾಗೋದ ವಿದ್ಯಾರಣ್ಯ ಕೂಟ, ಡೆಟ್ರಾಯಿಟ್‌ನ ಪಂಪ ಕೂಟಗಳಂಥ ಹಿರಿಯ ಸಂಸ್ಥೆಗಳು ನಮ್ಮಲ್ಲಿವೆ. ಚಳಿಗಾಲದ ಆರು ಶನಿವಾರ ಆರು ಕನ್ನಡ ಚಿತ್ರಗಳನ್ನು ಅನುಮತಿ ಪಡೆದು ಒಟ್ಟಿಗೆ ನೋಡೋಣ. ಆರರಲ್ಲಿ ಒಂದಾದರೂ ಹಳೆಯ ಸ್ವರ್ಣಕಮಲದ ಚಿತ್ರವಿರಲಿ. ಇಂಗ್ಲಿಷ್ ಅಡಿಬರಹವಿದ್ದರೆ ಮಕ್ಕಳೂ ಬರುತ್ತಾರೆ. ಆರನ್ನೂ ನೋಡಿದವರು ಮಾತ್ರ ಮತ ಹಾಕಲಿ, ಚೀಟಿಯಲ್ಲಾದರೂ ಸರಿ, ಅಂತರಜಾಲದಲ್ಲಾದರೂ ಸರಿ. ಆ ಮತಗಳು ನೂರೇ ಇರಲಿ, ಅವು ನೋಡಿದವರ ಮತಗಳಾಗಿರುತ್ತವೆ.

‘ತಾಯಿ ಸಾಹೇಬ’ವನ್ನು ನಾನು ಕೊನೆಗೂ ನೋಡಿದ್ದು 2009ರ ಚಳಿಗಾಲದಲ್ಲಿ, ಊರಿನಿಂದ ಬಂದ ಬಂಧುಗಳೊಬ್ಬರು ತಂದ ಡಿಸ್ಕಿನಲ್ಲಿ. ಅತ್ತೆಯವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಜಯಮಾಲಾ ಅವರ ಮುಖದಲ್ಲಿ ವಾಡೆಯ ಮೌನ ಹೆಪ್ಪುಗಟ್ಟಿದಾಗಲೆಲ್ಲ ಪಕ್ಕದ ಖಾಲಿ ಕುರ್ಚಿಯ ಕಡೆ ನನ್ನ ಕಣ್ಣು ಹೋಗುತ್ತಿತ್ತು. ಚಿತ್ರ ಮುಗಿದ ಮೇಲೆ ಡಬ್ಬವನ್ನು ಇಳಿಸಿ, 1997ರ ಪುಟ ತೆರೆದು, ಮೇಲಿನ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದೆ: ‘ತಾಯಿ ಸಾಹೇಬ’ 1. ಹನ್ನೆರಡು ವರ್ಷ ತಡವಾಗಿ ಬಿದ್ದ ಮತ ಅದು. ಆದರೆ ನೋಡಿ ಹಾಕಿದ್ದು.